ಕರುಳಿನ ಕ್ಯಾನ್ಸರ್ ಜಾಥಾ ಮಾಡಿದರೆ ಏನಾದರೂ ಉಪಯೋಗ ಇದೆಯಾ, ಡಾಕ್ಟ್ರೇ?

ಮಾರ್ಚ್ ಅಂದರೆ ದೊಡ್ಡಕರುಳಿನ ಕ್ಯಾನ್ಸರ್ ಜಾಗೃತಿ ತಿಂಗಳು. ಪ್ರತಿ ವರ್ಷ ಈ ಹೊತ್ತಿಗೆ ಬರುವ ಪತ್ರಗಳಲ್ಲಿ ಪ್ರಶ್ನೆಗಳು ಬದಲಾಗುವುದೇ ಇಲ್ಲ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳಿಂದ ಜಾಥಾ ಮಾಡಿಸಬೇಕು ಅಂತಿದ್ದೇವೆ. ಸಹೋದ್ಯೋಗಿಯೊಬ್ಬರು ‘ಇದೆಲ್ಲ ಫೋಟೋಗೆ ಅಷ್ಟೇ’ ಅಂತಾರೆ. ನಿಜವಾಗಿ ಪ್ರಯೋಜನ ಇದೆಯಾ? (ಉಪನ್ಯಾಸಕಿ, ದಾವಣಗೆರೆ)

ಇದೆ. ಆದರೆ ನೀವು ಏನು ಹೇಳುತ್ತೀರಿ, ಕೇಳಿಸಿಕೊಂಡವರು ಮರುದಿನ ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ‘ಕ್ಯಾನ್ಸರ್ ಬಗ್ಗೆ ಎಚ್ಚರವಿರಲಿ’ ಅಂತ ಬ್ಯಾನರ್ ಬರೆಸುವುದಾದರೆ ದಯವಿಟ್ಟು ಬೇಡ. ಅದನ್ನು ಓದಿದವರು ಏನು ಮಾಡಬೇಕು ಹೇಳಿ?

2012ರಲ್ಲಿ ಇಂಗ್ಲೆಂಡಿನಲ್ಲಿ ದೇಶದಾದ್ಯಂತ ಒಂದು ಪ್ರಚಾರ ನಡೆಯಿತು. ಟಿವಿಯಲ್ಲಿ, ರೇಡಿಯೊದಲ್ಲಿ ಒಂದೇ ಮಾತು: ಮೂರು ವಾರದಿಂದ ಮಲದಲ್ಲಿ ರಕ್ತ ಬರ್ತಿದೆಯಾ, ಅಥವಾ ಮಲ ತೆಳುವಾಗಿ ಹೋಗ್ತಿದೆಯಾ, ಹಾಗಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. ನಾಚಿಕೆ ಪಡದೆ, ಆಡುಮಾತಿನಲ್ಲೇ ಹೇಳಿದರು. ಜನ ಬಂದರು. ತುರ್ತಾಗಿ ತಜ್ಞರ ಬಳಿ ಕಳಿಸಿದವರ ಸಂಖ್ಯೆ ಸುಮಾರು ಶೇ 40ರಷ್ಟು ಏರಿತು. ಆದರೆ ಪತ್ತೆಯಾದ ಕ್ಯಾನ್ಸರ್ ಆ ಪ್ರಮಾಣದಲ್ಲಿ ಏರಲಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಬೇರೆ ತೊಂದರೆ. ನಿಮ್ಮ ಸಹೋದ್ಯೋಗಿಯಂಥವರು ಇದನ್ನೇ ಹಿಡಿದುಕೊಂಡು ‘ನೋಡಿ, ದಂಡ’ ಅಂತಾರೆ. ನಾನು ಒಪ್ಪುವುದಿಲ್ಲ. ಜನ ಬಾಯಿ ಬಿಟ್ಟು ಹೇಳಿದ್ದೇ ದೊಡ್ಡ ವಿಷಯ. ಆದರೆ ಪ್ರಚಾರದಿಂದ ಏನಾಗುತ್ತೆ, ಏನಾಗಲ್ಲ ಅನ್ನುವುದೂ ಇದರಲ್ಲಿ ಗೊತ್ತಾಗುತ್ತೆ.

ಅಮೆರಿಕದ ಟಿವಿ ನಿರೂಪಕಿ ಕೇಟಿ ಕ್ಯುರಿಕ್ ಅವರ ಗಂಡ 1998ರಲ್ಲಿ, 42ನೇ ವಯಸ್ಸಿಗೆ ಈ ಕ್ಯಾನ್ಸರ್‌ನಿಂದ ತೀರಿಕೊಂಡರು. 2000ದ ಮಾರ್ಚ್‌ನಲ್ಲಿ ಆಕೆ ತಮ್ಮ ಕೊಲೊನೋಸ್ಕೋಪಿಯನ್ನೇ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳನ್ನು ಒಳಗಿಂದ ನೋಡುವ ಪರೀಕ್ಷೆ) ಟಿವಿಯಲ್ಲಿ ತೋರಿಸಿದರು. ಅಲ್ಲಿಂದ ಹಲವು ತಿಂಗಳ ಕಾಲ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುವವರು ಶೇ 20ಕ್ಕಿಂತ ಜಾಸ್ತಿಯಾದರು. ಒಬ್ಬರ ಮುಖ, ಒಂದು ಪರೀಕ್ಷೆ, ಒಂದು ಮಾತು. ಅದಕ್ಕೇ ಕೆಲಸ ಮಾಡಿತು.

ಇದಕ್ಕಿಂತ ಗಟ್ಟಿ ಕೆಲಸ ಮಾಡಿದ್ದು ಅಂಚೆಯಲ್ಲಿ ಮನೆಗೆ ಬರುವ ಪುಟ್ಟ ಡಬ್ಬಿ. ಅದಕ್ಕೆ ಫಿಟ್ ಪರೀಕ್ಷೆ ಅಂತಾರೆ. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಒಳಗೆ ಸ್ವಲ್ಪ ದ್ರವ, ಮುಚ್ಚಳಕ್ಕೆ ಅಂಟಿಕೊಂಡ ಗೀರುಗೀರಿನ ಕಡ್ಡಿ. ಕಡ್ಡಿಯನ್ನು ಮಲದ ಮೇಲೆ ಎಳೆದು, ಗೀರು ತುಂಬಿದ ಮೇಲೆ ವಾಪಸ್ ಹಾಕಿ ತಿರುಗಿಸಿದರೆ ಮುಗಿಯಿತು. ಕಣ್ಣಿಗೆ ಕಾಣದ ರಕ್ತವೂ ಇದರಲ್ಲಿ ಗೊತ್ತಾಗುತ್ತೆ. ಮುಂಚೆ ಇಂಗ್ಲೆಂಡಿನಲ್ಲಿ ಮೂರು ಸಲದ ಮಲವನ್ನು ಕಾರ್ಡಿನ ಮೇಲೆ ಹಚ್ಚಿ ಕಳಿಸಬೇಕಿತ್ತು. ಅದರ ಬದಲು ಒಂದೇ ಸಲದ ಫಿಟ್ ಕೊಟ್ಟು ನೋಡಿದಾಗ, ಪರೀಕ್ಷೆ ಮಾಡಿ ಕಳಿಸಿದವರು ಶೇ 59ರಿಂದ ಶೇ 66ಕ್ಕೆ ಏರಿದರು. ಭಾಷಣ ಹೆಚ್ಚಾಗಿರಲಿಲ್ಲ, ಕೆಲಸ ಸುಲಭ ಆಗಿತ್ತು ಅಷ್ಟೇ. ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆ ಇದೇ ಡಬ್ಬಿಯನ್ನು ಮನೆಮನೆಗೆ ಕಳಿಸಿತು, ವಾಪಸ್ ಬಾರದಿದ್ದರೆ ಮತ್ತೆ ನೆನಪಿಸಿತು. 2000ದಲ್ಲಿ ಅವರ ಸದಸ್ಯರಲ್ಲಿ ತಪಾಸಣೆ ಆಗಿದ್ದವರು ಶೇ 39, 2015ಕ್ಕೆ ಶೇ 83. ಅದೇ ಅವಧಿಯಲ್ಲಿ ಈ ಕ್ಯಾನ್ಸರ್‌ನ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು.

ನಮ್ಮಲ್ಲಿ ಆ ಡಬ್ಬಿ ಮನೆಗೆ ಬರುವುದಿಲ್ಲ. ಸರ್ಕಾರದ ತಪಾಸಣೆ ಕಾರ್ಯಕ್ರಮ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗೆ. ಹಾಗಾಗಿ ನಿಮ್ಮ ಜಾಥಾದ ಗುರಿ ಬೇರೆ ಆಗಬೇಕು, ಮೇಡಂ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಗೋಡೆ ನೋಡಿ. ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ, ಗ್ಯಾರಂಟಿ’ ಅಂತ ಇರುತ್ತಲ್ಲ, ನಿಮ್ಮ ಜಗಳ ಅದರ ಜೊತೆ. ಮಲದಲ್ಲಿ ರಕ್ತ ಕಂಡ ತಕ್ಷಣ ಪೈಲ್ಸ್ ಅಂತ ತಾವೇ ತೀರ್ಮಾನ ಮಾಡಿ, ಪುಡಿ, ಲೇಹ್ಯ, ಇಂಜೆಕ್ಷನ್ ಅಂತ ತಿಂಗಳುಗಟ್ಟಲೆ ಕಳೆದು, ಕರುಳು ಕಟ್ಟಿಕೊಂಡ ಮೇಲೆ ನನ್ನ ಹತ್ತಿರ ಬರುವವರನ್ನು ನೋಡಿ ನೋಡಿ ನನಗೆ ಸಿಟ್ಟು ಬರುತ್ತೆ. ರೋಗಿಯ ಮೇಲಲ್ಲ, ಆ ಪುಡಿ ಮಾರಿದವನ ಮೇಲೆ. ಬಹಳಷ್ಟು ಸಲ ಅದು ಪೈಲ್ಸೇ ಇರುತ್ತೆ, ನಿಜ. ಆದರೆ ಪರೀಕ್ಷೆ ಮಾಡದೆ ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಗುದದ್ವಾರದ ಹತ್ತಿರದ ಗೆಡ್ಡೆ ಎಷ್ಟೋ ಸಲ ಬೆರಳಿಗೇ ಸಿಗುತ್ತೆ. ಒಂದು ಗ್ಲೌಸು, ಒಂದು ನಿಮಿಷ. ಬೆರಳು ಹಾಕಿ ನೋಡದೆ ಮುಲಾಮು ಬರೆದುಕೊಡುವ ನನ್ನ ಸಹವೃತ್ತಿಯವರಿಗೂ ಈ ಮಾತು.

ಜಾಥಾದಲ್ಲಿ ಮಕ್ಕಳು ಹೀಗೆ ಹೇಳಲಿ: ‘ಕಕ್ಕಸಿನಲ್ಲಿ ರಕ್ತ ಹೋಗ್ತಿದ್ದರೆ, ಹೊರಗೆ ಹೋಗುವ ಅಭ್ಯಾಸ ಮೂರು ವಾರದಿಂದ ಬದಲಾಗಿದ್ದರೆ, ಡಾಕ್ಟರ್ ಹತ್ತಿರ ಹೋಗಿ. ಪರೀಕ್ಷೆ ಮಾಡಿ ಅಂತ ನೀವೇ ಕೇಳಿ.’ ಯಾವ ಆಸ್ಪತ್ರೆ, ಯಾವ ದಿನ ಓಪಿಡಿ, ಮಹಿಳಾ ಡಾಕ್ಟರ್ ಇದ್ದಾರಾ, ಇದನ್ನೂ ಚೀಟಿಯಲ್ಲಿ ಅಚ್ಚು ಹಾಕಿಸಿ. ಹೆಣ್ಣುಮಕ್ಕಳು ಈ ವಿಷಯವನ್ನು ಗಂಡನಿಗೂ ಹೇಳದೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಒಂದು ಎಚ್ಚರಿಕೆ: ರಕ್ತ ಕಣ್ಣಿಗೇ ಕಾಣುತ್ತಿರುವವರು ಫಿಟ್ ಹುಡುಕಿಕೊಂಡು ಲ್ಯಾಬಿಗೆ ಹೋಗಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿದು ಕರುಳು ತೊಳೆದುಕೊಂಡರೆ ಕ್ಯಾನ್ಸರ್ ಬರಲ್ವಂತೆ?

ಸುಳ್ಳು. ಭೇದಿ ಆಗುತ್ತೆ, ಅಷ್ಟೇ.

ಪ್ರಶ್ನೆ: ಹೆಲ್ತ್ ಪ್ಯಾಕೇಜಿನಲ್ಲಿ ಸಿಇಎ ರಕ್ತ ಪರೀಕ್ಷೆ ನಾರ್ಮಲ್ ಬಂದಿದೆ. ನಿಶ್ಚಿಂತೆಯಾಗಿ ಇರಬಹುದಲ್ವಾ?

ಇಲ್ಲ. ಅದು ಚಿಕಿತ್ಸೆ ಆದವರನ್ನು ಗಮನಿಸಲು ಇರುವ ಪರೀಕ್ಷೆ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಅದನ್ನು ಮಾರುವುದು ತಪ್ಪು.

ಪ್ರಶ್ನೆ: ಅಮ್ಮನಿಗೆ 53ನೇ ವಯಸ್ಸಿನಲ್ಲಿ ಬಂತು. ನನಗೀಗ 38.

ತೊಂದರೆ ಏನೂ ಇಲ್ಲದಿದ್ದರೂ 40 ತುಂಬಿದ ಕೂಡಲೇ ಕೊಲೊನೋಸ್ಕೋಪಿ. ಅಮ್ಮನಿಗೆ 45ಕ್ಕೇ ಬಂದಿದ್ದರೆ ನಿಮಗೆ 35ಕ್ಕೆ ಅನ್ನುತ್ತಿದ್ದೆ. ನಿಮ್ಮ ಒಡಹುಟ್ಟಿದವರಿಗೂ ತಿಳಿಸಿ.

ಪ್ರಶ್ನೆ: ಯಜಮಾನರಿಗೆ 57. ಹಿಮೋಗ್ಲೋಬಿನ್ 8. ಮಲದಲ್ಲಿ ರಕ್ತ ಕಾಣಲ್ಲ. ಆರು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗ್ತಿದ್ದಾರೆ, ಏರ್ತಿಲ್ಲ. ಬೀಟ್‌ರೂಟ್ ಕೊಡಲಾ?

ಬೀಟ್‌ರೂಟ್ ಬಿಡಿ, ತಾಯಿ. ಈ ವಯಸ್ಸಿನ ಗಂಡಸರಲ್ಲಿ ಕಬ್ಬಿಣದಂಶ ಕಡಿಮೆ ಆದರೆ ರಕ್ತ ಎಲ್ಲೋ ಸೋರುತ್ತಿದೆ ಅಂತಲೇ ಹಿಡಿಯಬೇಕು. ಬಲಗಡೆಯ ಕರುಳಿನ ಗೆಡ್ಡೆ ಕಣ್ಣಿಗೆ ಕಾಣದ ಹಾಗೆ ಸೋರುತ್ತೆ. ಹೊಟ್ಟೆಯ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ಬೇಕು. ಈ ವಾರವೇ ಗ್ಯಾಸ್ಟ್ರೋ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಹಳೆಯ ರಕ್ತ ಪರೀಕ್ಷೆ ರಿಪೋರ್ಟುಗಳೆಲ್ಲ ಜೊತೆಗಿರಲಿ.