50,000 ರೂಪಾಯಿಯ ಬಿಲ್ಲಿಗೆ ವಿಮಾ ಕಂಪನಿ 35,750 ಮಾತ್ರ ಕೊಟ್ಟಿದ್ದೇಕೆ?

ಮೂರೂವರೆ ವರ್ಷ ಹಳೆಯ, 1,200 ಸಿಸಿಯ ಕಾರಿನ ಮುಂಭಾಗದ ದುರಸ್ತಿಗೆ ಆದ ಬಿಲ್ಲಿನಲ್ಲಿ 14,250 ರೂಪಾಯಿಯನ್ನು ಸರ್ವೇಯರ್ (ಹಾನಿಯನ್ನು ಪರಿಶೀಲಿಸಿ ಮೊತ್ತ ಅಂದಾಜಿಸುವವರು) ಮನಸ್ಸಿಗೆ ಬಂದಂತೆ ಕಡಿತ ಮಾಡಿದರೇ ಎಂದು ಕೇಳಿದ್ದೀರಿ. ಕ್ಲೇಮ್ ಕಡತಗಳನ್ನು ಕೆಲವು ವರ್ಷ ನೋಡಿಕೊಂಡವನಾಗಿ ಹೇಳುವುದಾದರೆ, ಇದರಲ್ಲಿ ಬಹುಪಾಲು ಅವರ ವಿವೇಚನೆಗೆ ಸೇರಿದ್ದೇ ಅಲ್ಲ. ಪಾಲಿಸಿಯ ಷರತ್ತುಗಳಲ್ಲೇ ಅಚ್ಚಾಗಿರುವ ಸವಕಳಿಯ, ಅಂದರೆ ಬಳಕೆಯಿಂದ ಭಾಗಗಳ ಬೆಲೆ ಇಳಿಯುವುದರ, ಲೆಕ್ಕ ಅದು.

ನೀವು ಝೀರೋ ಡೆಪ್ ಸೌಲಭ್ಯ (ಸವಕಳಿ ಕಳೆಯದೆ ಕ್ಲೇಮ್ ಕೊಡುವ ಹೆಚ್ಚುವರಿ ರಕ್ಷಣೆ) ಪಡೆದಿಲ್ಲವೆಂದು ಬರೆದಿದ್ದೀರಿ. ಹಾಗಿದ್ದಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳ ಬೆಲೆಯಲ್ಲಿ, ಕಾರು ಎಷ್ಟೇ ಹೊಸದಾಗಿದ್ದರೂ, ಶೇ. 50 ಕಳೆಯುತ್ತಾರೆ, ಆದ್ದರಿಂದ 12,000 ರೂಪಾಯಿಯ ಬಂಪರಿನಲ್ಲಿ 6,000 ನಿಮ್ಮ ಪಾಲಿಗೆ ಬಂತು. ಲೋಹದ ಭಾಗಗಳಿಗೆ ಕಾರಿನ ವಯಸ್ಸನ್ನು ನೋಡುತ್ತಾರೆ. ಮೂರು ವರ್ಷ ದಾಟಿ ನಾಲ್ಕು ತುಂಬದ ಕಾರಿಗೆ ಅದು ಶೇ. 25 ಆಗಿರುವುದರಿಂದ 14,000 ರೂಪಾಯಿಯ ಬಾನೆಟ್ಟಿನಲ್ಲಿ 3,500 ಹೋಯಿತು. ಗಾಜಿಗೂ ಕೂಲಿಗೂ ಸವಕಳಿಯಿಲ್ಲ, ಹಾಗಾಗಿ ಮುಂದಿನ ಗಾಜಿನ 8,000 ಮತ್ತು ಕೂಲಿಯ 6,000 ಪೂರ್ತಿ ಸಿಗಬೇಕು. ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಪೇಂಟಿಂಗ್ ವಿಷಯದಲ್ಲಿ: ಬಣ್ಣದ ಬೆಲೆ, ಕೂಲಿ ಎಂದು ಬಿಡಿಸಿ ಬರೆಯದ ಬಿಲ್ಲಿನಲ್ಲಿ ಒಟ್ಟು ಮೊತ್ತದ ಶೇ. 25ನ್ನು ಸಾಮಗ್ರಿಯ ಬೆಲೆಯೆಂದು ಪರಿಗಣಿಸಿ ಅದರ ಅರ್ಧವನ್ನಷ್ಟೇ ಕಳೆಯುತ್ತಾರೆ. ಅಂದರೆ ನಿಮ್ಮ 10,000ದಲ್ಲಿ ಕಡಿತವಾಗಬೇಕಾದದ್ದು 1,250. ಇಲ್ಲಿ 5,000 ಕಳೆದಿದ್ದರೆ ಖಂಡಿತ ಜಗಳವಾಡಬೇಕಿತ್ತು. ಕೊನೆಗೆ, 1,500 ಸಿಸಿವರೆಗಿನ ಕಾರುಗಳಿಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಮೊತ್ತ 1,000.

ಇವೆಲ್ಲ ಸೇರಿ 11,750 ಆಗುತ್ತದೆ. ಉಳಿದ 2,500ಕ್ಕೆ ನನ್ನ ಊಹೆ ಇಷ್ಟು: ಪಾಲಿಸಿ ಕೊಳ್ಳುವಾಗ ಪ್ರೀಮಿಯಂ ಇಳಿಸಲೆಂದು ‘ವಾಲಂಟರಿ ಡಿಡಕ್ಟಿಬಲ್’ (ಕಡ್ಡಾಯ ಮೊತ್ತದ ಜೊತೆಗೆ ಮಾಲೀಕರು ಸ್ವಇಚ್ಛೆಯಿಂದ ಭರಿಸಲು ಒಪ್ಪುವ ಮೊತ್ತ) ಆಯ್ಕೆಯನ್ನು ನೀವೋ ನಿಮ್ಮ ಏಜೆಂಟರೋ ಒಪ್ಪಿರಬಹುದು, ಏಕೆಂದರೆ ಕಾರುಗಳಿಗೆ ಅದರ ಕನಿಷ್ಠ ಹಂತವೇ 2,500. ಪಾಲಿಸಿ ಶೆಡ್ಯೂಲಿನಲ್ಲಿ (ನಿಮ್ಮ ಪಾಲಿಸಿಯ ವಿವರಗಳಿರುವ ಪುಟ) ಅದು ನಮೂದಾಗಿದ್ದರೆ ವಾದಕ್ಕೆ ಜಾಗವಿಲ್ಲ. ನಮೂದಾಗಿಲ್ಲದಿದ್ದರೆ, ಸರ್ವೇಯರ್ ವರದಿಯ ಪ್ರತಿಯನ್ನು ಇಮೇಲ್ ಮೂಲಕವೇ ಕೇಳಿ, ಮೇಲಿನ ಲೆಕ್ಕದೊಂದಿಗೆ ಒಂದೊಂದು ಸಾಲನ್ನೂ ತಾಳೆ ನೋಡಿ. ಸರ್ವಿಸ್ ಸೆಂಟರಿನವರು ಹೇಳುವ ‘ಎಲ್ಲಾ ಇನ್ಶೂರೆನ್ಸಲ್ಲಿ ಬರುತ್ತೆ ಸರ್’ ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ.

ಕ್ಲೇಮ್ ಪಡೆದಿರುವುದರಿಂದ ಮುಂದಿನ ನವೀಕರಣದಲ್ಲಿ ನಿಮ್ಮ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ ಎಂಬುದನ್ನೂ ಗಮನಿಸಿ. ಸ್ವಂತ ಹಾನಿಯ (ನಿಮ್ಮ ಕಾರಿಗೇ ಆಗುವ ಹಾನಿಯ) ಪ್ರೀಮಿಯಂ ಮೇಲೆ ಶೇ. 20ರಿಂದ 50ರವರೆಗೆ ಸಿಗುವ ರಿಯಾಯಿತಿ ಅದು. ಸಣ್ಣ ಗೀರಿಗೆಲ್ಲ ಕ್ಲೇಮ್ ಹಾಕುವುದು ನಷ್ಟದ ಬಾಬತ್ತೇ ಆಗಬಹುದು.

ಲೆಕ್ಕ ತಾಳೆಯಾಗದಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ಗ್ರಾಹಕರ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ; ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವ ಅಗತ್ಯವೂ ಇಲ್ಲ.