ದೂರು ಸರಿ, ಆರೋಪಿ ಬೇರೆ

ಸಂಪಾದಕರ ಉತ್ತರ

ಮಾನ್ಯ ಓದುಗರೇ,

ನಿಮ್ಮ ಪತ್ರ ಉದ್ದವಾಗಿದೆ, ಸಿಟ್ಟು ಅದಕ್ಕಿಂತ ಉದ್ದ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಸಾರಾಂಶ ಇಷ್ಟು. ಆನಿಮೇಶನ್ ಚಿತ್ರಗಳ ಎರಡನೇ ಭಾಗಗಳೆಲ್ಲ ದುಡ್ಡಿನಾಸೆಗೆ ಹುಟ್ಟಿದವು. ಸ್ಪೈಡರ್‌ಮ್ಯಾನ್‌ನ ಹೊಸ ಆನಿಮೇಶನ್ ಚಿತ್ರಗಳಲ್ಲಿ ಪಾತ್ರಗಳು ತಡವರಿಸುತ್ತ ಓಡಾಡುತ್ತವೆ, ಎರಡನೆಯದಂತೂ ಅರ್ಧಕ್ಕೇ ನಿಂತುಬಿಡುತ್ತದೆ. ವೈಜ್ಞಾನಿಕ ಧಾರಾವಾಹಿಗಳು ಅಂತರಿಕ್ಷ ತೋರಿಸುತ್ತೇವೆಂದು ಕರೆದು ಒಂದೇ ಕೋಣೆಯಲ್ಲಿ ಮಾತಾಡಿಸಿ ಕಳಿಸುತ್ತವೆ. ಹಳೆಯವು ಮಸುಕು, ಚೆನ್ನಾಗಿರುವುದನ್ನು ನಡುವೆಯೇ ನಿಲ್ಲಿಸುತ್ತಾರೆ. ಕೊನೆಯಲ್ಲಿ ಎರಡು ಪ್ರಶ್ನೆ: ‘ಬ್ಯಾಬಿಲಾನ್ 5’ ಎಂಬ ಹಳೆಯ ಅಂತರಿಕ್ಷ ಧಾರಾವಾಹಿಯನ್ನು ಈಗ ಶುರು ಮಾಡಬಹುದೇ, ಮತ್ತು ‘ನನ್ನಂಥ ಬರೀ ನೋಡುಗನ ಮಾತಿಗೆ ಬೆಲೆ ಇದೆಯೇ?’

ಎರಡನೆಯದಕ್ಕೆ ಮೊದಲು ಉತ್ತರ: ಇದೆ. ನೀವು ಬೆರಳಿಟ್ಟ ಕಡೆಯಲ್ಲೆಲ್ಲ ನಿಜಕ್ಕೂ ಏನೋ ಎಡವಟ್ಟಾಗಿದೆ. ಆದರೆ ಕಾರಣ ಹುಡುಕುವಾಗ ಪ್ರತಿ ಸಲವೂ ದುಡ್ಡನ್ನೇ ಹಿಡಿದು ಕಟಕಟೆಗೆ ತಂದಿದ್ದೀರಿ. ಮೊದಲ ಭಾಗವನ್ನೂ ಯಾವ ಸ್ಟುಡಿಯೋ ಧರ್ಮಕ್ಕೆ ಮಾಡಿರುವುದಿಲ್ಲ. ಹಾಗಾಗಿ ಆ ಕಾರಣ ಇಟ್ಟುಕೊಂಡು ಒಳ್ಳೆಯ ಸೀಕ್ವೆಲ್ ಯಾವುದು, ಕೆಟ್ಟದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಬೇರ್ಪಡಿಸಬೇಕಾದರೆ ಇನ್ನೊಂದು ಪ್ರಶ್ನೆ ಕೇಳಿ: ಇದನ್ನು ಏನೆಂದುಕೊಂಡು ಶುರು ಮಾಡಿದರು? 1994ರ ‘ದಿ ರಿಟರ್ನ್ ಆಫ್ ಜಾಫರ್’ ಅಲ್ಲಾದೀನನ ಟೀವಿ ಸರಣಿಯ ಆರಂಭದ ಕಂತುಗಳಾಗಿ ಹುಟ್ಟಿದ್ದು. ಡಿಸ್ನಿಯ ಟೀವಿ ವಿಭಾಗ ಅದನ್ನು ಮಾಡಿತು, ಥಿಯೇಟರ್ ಕಾಣದೆ ನೇರ ವಿಡಿಯೊ ಕ್ಯಾಸೆಟ್ಟಿಗೆ ಬಂತು. ಜೀನಿಯ ದನಿ ಕೂಡ ಬೇರೆ: ರಾಬಿನ್ ವಿಲಿಯಮ್ಸ್ ಇಲ್ಲ, ಡ್ಯಾನ್ ಕ್ಯಾಸ್ಟಲನೆಟಾ. ಮೂವತ್ತು ವರ್ಷದ ಮೇಲೆ ‘ಮೊವಾನಾ 2’ ಕೂಡ ಅದೇ ದಾರಿಯಲ್ಲಿ ಬಂತು. ಡಿಸ್ನಿ ಪ್ಲಸ್‌ಗೆ ಸರಣಿಯಾಗಿ ಶುರುವಾದದ್ದನ್ನು 2024ರ ಫೆಬ್ರವರಿಯಲ್ಲಿ ಸಿನಿಮಾ ಎಂದು ಘೋಷಿಸಿ ಅದೇ ನವೆಂಬರಿನಲ್ಲಿ ಬಿಡುಗಡೆ ಮಾಡಿದರು. ಒಂದು ತೊಡಕು ಬಿಡಿಸಿದ ಕೂಡಲೇ ಸಂಬಂಧವಿಲ್ಲದ ಇನ್ನೊಂದು ತೊಡಕು ಎದುರಾಗುತ್ತದೆ, ದೋಣಿಯಲ್ಲಿರುವ ಹೊಸಬರು ಮನಸ್ಸಿಗೆ ಹತ್ತುವುದೇ ಇಲ್ಲ ಎಂದು ನೀವು ಬರೆದಿದ್ದೀರಲ್ಲ, ಕಂತುಗಳಿಗೆ ಹಂಚಿಟ್ಟ ಕಥೆಯ ಹೊಲಿಗೆ ಕಾಣುವುದು ಅಲ್ಲಿಯೇ.

ಹಾಗೆಂದು ಹುಟ್ಟಿನ ಮೇಲೇ ತೀರ್ಪು ಕೊಡಬೇಡಿ. ‘ಟಾಯ್ ಸ್ಟೋರಿ 2’ ಸಹ ನೇರ ವಿಡಿಯೊಗೆಂದೇ ಆರಂಭವಾದದ್ದು. ನಡುವೆ ಥಿಯೇಟರಿಗೆ ಬಡ್ತಿ ಸಿಕ್ಕಿತು, ಕಥೆ ಕೂಡಿಬರಲಿಲ್ಲ, ಬಹುಪಾಲು ಬಿಚ್ಚಿ ಸುಮಾರು ಒಂಬತ್ತು ತಿಂಗಳಲ್ಲಿ ಮತ್ತೆ ಕಟ್ಟಿ 1999ರ ನವೆಂಬರಿಗೆ ಮುಟ್ಟಿಸಿದರು. ಆ ಧಾವಂತಕ್ಕೆ ಕೆಲಸಗಾರರು ಕೈನೋವು ಅನುಭವಿಸಿದರು, ಅದು ಬೇರೆ ಮಾತು. ಇಲ್ಲಿ ಮುಖ್ಯವಾದದ್ದು ಬಿಚ್ಚುವ ಅವಕಾಶ. ದೊಡ್ಡ ಆನಿಮೇಶನ್ ಸ್ಟುಡಿಯೋಗಳಲ್ಲಿ ಮೊದಲು ಇಡೀ ಚಿತ್ರವನ್ನು ಸ್ಟೋರಿಬೋರ್ಡಿನ ಒರಟು ಚಿತ್ರಗಳು, ತಾತ್ಕಾಲಿಕ ದನಿ, ತಾತ್ಕಾಲಿಕ ಸಂಗೀತ ಇಟ್ಟು ಜೋಡಿಸುತ್ತಾರೆ. ಇದು ಸ್ಟೋರಿ ರೀಲ್. ಎಲ್ಲರೂ ಕೂತು ನೋಡಿ, ಹರಿದು, ಮತ್ತೆ ಜೋಡಿಸುತ್ತಾರೆ; ಹೀಗೆ ಹಲವು ಸುತ್ತು. ಅಗ್ಗದ ಸೀಕ್ವೆಲ್‌ಗಳಲ್ಲಿ ಬೋರ್ಡ್ ಬೇಗನೆ ಅಂತಿಮವಾಗಿ ಹೊರದೇಶದ ಸ್ಟುಡಿಯೋಗೆ ಹೋಗಿಬಿಡುತ್ತದೆ. ಆಮೇಲೆ ಮೂರನೇ ಅಂಕ ಸೊರಗಿದೆ ಎಂದು ಯಾರಿಗೆ ಹೊಳೆದರೂ ಕೈಗೆ ಸಿಗುವುದಿಲ್ಲ. ಬಣ್ಣ, ಚಲನೆ ಕಡಿಮೆ ಗುಣಮಟ್ಟದ್ದಾಗಿದ್ದರೆ ನೋಡುಗರು ಕ್ಷಮಿಸುತ್ತಾರೆ. ರೀಲಿನ ಹಂತದಲ್ಲೇ ಉಳಿದುಹೋದ ಕಥೆಯನ್ನು ಯಾರೂ ಕ್ಷಮಿಸುವುದಿಲ್ಲ.

‘ಗೊಂಬೆಗಳ ಮಾದರಿ ಕಂಪ್ಯೂಟರಿನಲ್ಲಿ ರೆಡಿ ಇರುತ್ತದಲ್ಲ, ಸೀಕ್ವೆಲ್ ಮಾಡಲು ಎಷ್ಟು ಕಷ್ಟ?’ ಎಂದಿದ್ದೀರಿ. ಇರುವುದಿಲ್ಲ. ‘ಟಾಯ್ ಸ್ಟೋರಿ 3’ ಬಂದದ್ದು 11 ವರ್ಷದ ಮೇಲೆ, 2010ರಲ್ಲಿ. ಅಷ್ಟರಲ್ಲಿ ಸಾಫ್ಟ್‌ವೇರ್ ಬದಲಾಗಿತ್ತು, ಹಳೆಯ ಪಾತ್ರಗಳನ್ನು ಹೊಸದಾಗಿಯೇ ಕಟ್ಟಬೇಕಾಯಿತು.

ಇನ್ನೊಂದು ತೊಡಕು ಬರವಣಿಗೆಯದು. ಒಳ್ಳೆಯ ಮೊದಲ ಭಾಗ ನಾಯಕನ ಕೊರತೆಯನ್ನು ತುಂಬಿ ಮುಗಿಸಿರುತ್ತದೆ. ಎರಡನೆಯದಕ್ಕೆ ಹೊಸ ಕೊರತೆ ಬೇಕು. ಸಿಗದಿದ್ದರೆ ಹಳೆಯದನ್ನೇ ಮರೆಸಿ ಮತ್ತೆ ಕಲಿಸುತ್ತಾರೆ, ನೋಡುಗ ಆಕಳಿಸುತ್ತಾನೆ. ‘ಇನ್‌ಸೈಡ್ ಔಟ್ 2’ಗೆ ಅದು ಸುಲಭವಾಗಿ ಸಿಕ್ಕಿತು: ಹುಡುಗಿಗೆ 13 ತುಂಬಿತು, ಆತಂಕ ಒಳಗೆ ಬಂತು. ಹಾಸ್ಯದ ಪಾತ್ರವನ್ನು ನಡುವಿಗೆ ತಂದು ಕೂರಿಸುವುದು ಇನ್ನೊಂದು ದಾರಿ. ‘ಕಾರ್ಸ್ 2’ (2011) ಮೇಟರ್‌ನನ್ನು ಕೂರಿಸಿತು, ಗೂಢಚಾರರ ಗಲಾಟೆಯಲ್ಲಿ ಅವನ ಪೆದ್ದುತನವೇ ಇಡೀ ಚಿತ್ರಕ್ಕೆ ಹಿಗ್ಗಿತು. ‘ಫೈಂಡಿಂಗ್ ಡೋರಿ’ (2016) ಅದೇ ಜೂಜಾಡಿ ಗೆದ್ದಿತು, ಏಕೆಂದರೆ ಮೊದಲ ಚಿತ್ರದಲ್ಲಿ ನಗೆಯಾಗಿದ್ದ ಮರೆವು ಇಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಗುವಿನ ಭಯವಾಯಿತು.

ಈಗ ಸ್ಪೈಡರ್‌ಮ್ಯಾನ್ ತಡವರಿಸುವ ವಿಷಯ. ಅರ್ಧ ತಪ್ಪು ನಿಮ್ಮ ಟೀವಿಯದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಆ ಚಿತ್ರಗಳಲ್ಲಿ ಬಹಳ ಕಡೆ ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿಯುತ್ತಾರೆ, ಅಂದರೆ ಸೆಕೆಂಡಿಗೆ 12 ಭಂಗಿ. 2018ರ ಮೊದಲ ಚಿತ್ರದಲ್ಲಿ ಕಾಡಿನೊಳಗೆ ಮೈಲ್ಸ್ ಮತ್ತು ಪೀಟರ್ ಒಟ್ಟಿಗೆ ಬಲೆ ಹಿಡಿದು ತೂಗುತ್ತ ಸಾಗುವ ದೃಶ್ಯ ಮತ್ತೆ ನೋಡಿ: ಪಳಗಿದ ಪೀಟರ್ 24ರಲ್ಲಿ ನಯವಾಗಿ ಹೋಗುತ್ತಾನೆ, ಕಲಿಯುತ್ತಿರುವ ಮೈಲ್ಸ್ 12ರಲ್ಲಿ ಮುಗ್ಗರಿಸುತ್ತಾನೆ. ಇಷ್ಟು ಉದ್ದೇಶಪೂರ್ವಕ. ಇದರ ಮೇಲೆ ಟೀವಿಯ ಮೋಷನ್ ಸ್ಮೂದಿಂಗ್ ಆನ್ ಇದ್ದರೆ ಅದು ನಡುವೆ ತನ್ನದೇ ಫ್ರೇಮ್‌ಗಳನ್ನು ಊಹಿಸಿ ತುರುಕುತ್ತದೆ. ಒಂದೇ ಭಂಗಿ ಎರಡು ಸಲ ಬಂದಾಗ ಲೆಕ್ಕ ತಪ್ಪಿ, ಒಮ್ಮೆ ಜಾರಿದಂತೆ ಒಮ್ಮೆ ಸಿಕ್ಕಿಕೊಂಡಂತೆ ಕಾಣುತ್ತದೆ, ಅಂಚುಗಳು ಕದಡುತ್ತವೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ. ಹೆಸರು ಒಂದೊಂದು ಕಂಪನಿಗೆ ಒಂದೊಂದು, ‘ಮೋಷನ್’ ಎಂಬ ಪದ ಹುಡುಕಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದೇ ಒತ್ತಿದರೆ ಸಾಕು. ಅನೇಕ ಟೀವಿಗಳಲ್ಲಿ ಪ್ರತಿ ಎಚ್‌ಡಿಎಂಐ ಇನ್‌ಪುಟ್‌ಗೆ ಸೆಟ್ಟಿಂಗ್ ಬೇರೆ ಬೇರೆ. ಒಂದು ಕಡೆ ಆಫ್ ಮಾಡಿ ಇನ್ನೊಂದು ಕಡೆ ನೋಡಿದರೆ ಪ್ರಯೋಜನವಿಲ್ಲ.

ಅರ್ಧಕ್ಕೇ ನಿಂತದ್ದರ ಬಗ್ಗೆ ನಾವು ಪೂರ್ತಿ ನಿಮ್ಮ ಪಕ್ಷ. 2023ರ ಆ ಚಿತ್ರವನ್ನು ಮೊದಲು ಘೋಷಿಸಿದಾಗ ಹೆಸರಿನಲ್ಲೇ ‘ಭಾಗ ಒಂದು’ ಎಂದಿತ್ತು, ಆಮೇಲೆ ತೆಗೆದರು. 140 ನಿಮಿಷ ಕೂತವನಿಗೆ ಆ ಎರಡು ಪದ ಹೇಳಬೇಕಿತ್ತು.

ಇನ್ನು ಅಂತರಿಕ್ಷ. ಒಂದೇ ಕೋಣೆಯ ಕಂತಿಗೆ ಬಾಟಲ್ ಎಪಿಸೋಡ್ ಎನ್ನುತ್ತಾರೆ. ಹೌದು, ಉಳಿತಾಯಕ್ಕೇ ಮಾಡುತ್ತಾರೆ: ಸೆಟ್ ಮೊದಲೇ ಇದೆ, ಹೊರಾಂಗಣವಿಲ್ಲ, ಅತಿಥಿ ನಟರು ಒಬ್ಬಿಬ್ಬರು. ಉಳಿದ ಹಣ ಮುಂದಿನ ಯುದ್ಧದ ಕಂತಿಗೆ. ‘ಸ್ಟಾರ್ ಟ್ರೆಕ್’ನಲ್ಲಿ ಮನುಷ್ಯರು ಮಿನುಗಿ ಮಾಯವಾಗಿ ಗ್ರಹದ ಮೇಲೆ ಇಳಿಯುವ ಯಂತ್ರ ಹುಟ್ಟಿದ್ದೂ ಪ್ರತಿ ವಾರ ನೌಕೆ ಇಳಿಸುವ ಖರ್ಚು ತಪ್ಪಿಸಲು. ಆದರೆ ಅದರ ಮುಂದಿನ ಸರಣಿ ‘ನೆಕ್ಸ್ಟ್ ಜನರೇಶನ್’ನ ಎರಡನೇ ಸೀಸನ್ನಿನಲ್ಲಿ ಡೇಟಾ ಎಂಬ ಯಂತ್ರಮಾನವ ವ್ಯಕ್ತಿಯೋ ಆಸ್ತಿಯೋ ಎಂದು ವಿಚಾರಣೆ ನಡೆಯುವ ಕಂತಿದೆ; ಕೂತು ವಾದಿಸುವುದು ಬಿಟ್ಟರೆ ಅಲ್ಲಿ ಹೆಚ್ಚೇನಿಲ್ಲ, ಇಡೀ ಸೀಸನ್ನಿನಲ್ಲಿ ಅದೇ ಉತ್ತಮ. ಅದೇ ಸೀಸನ್ನಿನ ಕೊನೆಯ ಕಂತು ಹಳೆಯ ದೃಶ್ಯಗಳ ತುಣುಕು ಪೋಣಿಸಿದ್ದು. ಅದನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಿ.

ಆ ಸರಣಿಗೆ ‘ಮೂರನೇ ಸೀಸನ್ ತನಕ ತಡೆದುಕೊಳ್ಳಿ’ ಎಂದು ವಿಮರ್ಶಕರು ಹೇಳುತ್ತಾರೆಂದು ರೇಗಿದ್ದೀರಿ. ನ್ಯಾಯವೇ. ಮೊದಲ ಎರಡು ಸೀಸನ್ ಸೇರಿ 48 ಕಂತು, ಮುಕ್ಕಾಲು ಗಂಟೆಯಂತೆ 36 ಗಂಟೆ. ಅಷ್ಟು ಹೊತ್ತು ತಡೆದುಕೋ ಎನ್ನುವುದು ಸಲಹೆಯಲ್ಲ, ಶಿಕ್ಷೆ. ಪ್ರತಿ ಕಂತಿಗೂ ಒಂದು ಕಥೆ ಮುಗಿಯುವ ಸರಣಿಯನ್ನು ಮೂರನೇ ಸೀಸನ್ನಿನಿಂದಲೇ ಹಿಡಿಯಿರಿ, ಇಷ್ಟವಾದರೆ ಹಿಂದಕ್ಕೆ ಹೋಗಿ. ಜರ್ಮನಿಯ ‘ಡಾರ್ಕ್’ನಂತೆ 26 ಕಂತಿಗೂ ಒಂದೇ ಗಂಟು ಬಿಗಿದ ಸರಣಿಯಲ್ಲಿ ಈ ಉಪಾಯ ನಡೆಯದು.

ಕ್ರಮವನ್ನೂ ನೋಡಿಕೊಳ್ಳಿ. ‘ಫೈರ್‌ಫ್ಲೈ’ ಎಂಬ ಅಂತರಿಕ್ಷ ಸರಣಿ 2002ರಲ್ಲಿ ಪ್ರಸಾರವಾದಾಗ ಪಾತ್ರಗಳನ್ನು ಪರಿಚಯಿಸುವ ಎರಡು ಗಂಟೆಯ ಮೊದಲ ಕಂತನ್ನೇ ಕೊನೆಗೆ ತೋರಿಸಿದರು, ಮಾಡಿದ 14ರಲ್ಲಿ 3 ಪ್ರಸಾರವೇ ಆಗಲಿಲ್ಲ. ಯಾರು ಯಾರೆಂದು ತಿಳಿಯದೆ ನೋಡುಗರು ಕೈಬಿಟ್ಟರೆ ಆಶ್ಚರ್ಯವೇನು? ಡಿವಿಡಿಯ ಕ್ರಮವೇ ಸರಿಯಾದದ್ದು. ‘ಎಕ್ಸ್‌ಪಾನ್ಸ್’ ಎಂಬ ಇನ್ನೊಂದು ಸರಣಿ ನಿಂತ ಕಥೆ ಬೇರೆ. ಸಿಫೈ ವಾಹಿನಿಯ ಬಳಿ ಅಮೆರಿಕದಲ್ಲಿ ವಾಹಿನಿಯ ಮೇಲೆ ಮೊದಲ ಬಾರಿ ಪ್ರಸಾರ ಮಾಡುವ ಹಕ್ಕು ಮಾತ್ರ ಇತ್ತು. ಆಮೇಲೆ ಬೇರೆಡೆ ನೋಡಿದವರು ಅದರ ಲೆಕ್ಕಕ್ಕೆ ಬರಲಿಲ್ಲ. 2018ರಲ್ಲಿ ಕೈಬಿಟ್ಟಿತು, ಅಮೆಜಾನ್ ಎತ್ತಿಕೊಂಡು ಇನ್ನೂ ಮೂರು ಸೀಸನ್ ಮಾಡಿತು.

ಮಸುಕಿಗೆ ಕಾರಣ ಕ್ಯಾಮೆರಾ ಅಲ್ಲ. ‘ನೆಕ್ಸ್ಟ್ ಜನರೇಶನ್’ ಚಿತ್ರೀಕರಿಸಿದ್ದು 35 ಎಂಎಂ ಫಿಲ್ಮಿನಲ್ಲಿ, ಆದರೆ ಎಡಿಟಿಂಗ್ ಮತ್ತು ಗ್ರಾಫಿಕ್ಸ್ ಜೋಡಣೆ ವಿಡಿಯೊ ಟೇಪಿನ ಮೇಲೆ. ಬ್ಲೂ-ರೇಗಾಗಿ ಮೂಲ ಫಿಲ್ಮನ್ನು ಹುಡುಕಿ ತೆಗೆದು, ಸ್ಕ್ಯಾನ್ ಮಾಡಿ, ಕಂತು ಕಂತನ್ನೂ ಮತ್ತೆ ಎಡಿಟ್ ಮಾಡಬೇಕಾಯಿತು. ಅದರ ನಂತರದ ‘ಡೀಪ್ ಸ್ಪೇಸ್ ನೈನ್’, ‘ವಾಯೇಜರ್’ಗೆ ಆ ಖರ್ಚು ಯಾರೂ ಹಾಕಲಿಲ್ಲ. ಅವು ಇರುವುದೇ ಹಾಗೆ, ನಿಮ್ಮ ಇಂಟರ್ನೆಟ್ಟನ್ನು ಬಯ್ಯಬೇಡಿ.

‘ಬ್ಯಾಬಿಲಾನ್ 5’ ಖಂಡಿತ ಶುರು ಮಾಡಿ. 1993ರಲ್ಲಿ ಪರೀಕ್ಷೆಗೆಂದು ಮಾಡಿದ ಪೈಲಟ್ ಚಿತ್ರ, ಆಮೇಲೆ ಐದು ಸೀಸನ್, 110 ಕಂತು. ಅದರಲ್ಲಿ 92 ಒಬ್ಬನೇ ಬರೆದದ್ದು, ಜೆ. ಮೈಕಲ್ ಸ್ಟ್ರಜಿನ್ಸ್ಕಿ. ಮೊದಲ ಸೀಸನ್ ನಿಧಾನ, ಆದರೂ ಬಿಟ್ಟು ಮುಂದೆ ಹೋಗುವಂತಿಲ್ಲ, ಮೂರನೆಯದರಲ್ಲಿ ಒಡೆಯುವ ಗುಟ್ಟುಗಳೆಲ್ಲ ಅಲ್ಲಿ ಹೂತಿವೆ. ಚಿತ್ರದ ಅಳತೆ 4:3, ಅಂದರೆ ಹಳೆಯ ಟೀವಿಯ ಆಕಾರದಲ್ಲಿರುವ ಪ್ರತಿಯನ್ನೇ ಆರಿಸಿ. ಹಳೆಯ ಅಗಲ ಪರದೆಯ ಡಿವಿಡಿಯಲ್ಲಿ ಗ್ರಾಫಿಕ್ಸ್ ದೃಶ್ಯಗಳನ್ನು ಮೇಲೆ ಕೆಳಗೆ ಕತ್ತರಿಸಿ ಹಿಗ್ಗಿಸಿದ್ದಾರೆ, ನೌಕೆ ಕಂಡಾಗಲೆಲ್ಲ ಚಿತ್ರ ಹದಗೆಡುತ್ತದೆ. ನಾಲ್ಕನೇ ಸೀಸನ್ ಉಸಿರು ಬಿಡದೆ ಓಡುತ್ತದೆ, ಐದನೆಯದು ಸಪ್ಪೆಯಾಗಿ ತೆರೆಯುತ್ತದೆ: ಸರಣಿ ನಿಲ್ಲುತ್ತದೆಂಬ ಭಯದಲ್ಲಿ ದೊಡ್ಡ ಯುದ್ಧಗಳನ್ನೆಲ್ಲ ನಾಲ್ಕರಲ್ಲೇ ಮುಗಿಸಿದ್ದರು, ಮುಕ್ತಾಯದ ಕಂತನ್ನೂ ಆಗಲೇ ಚಿತ್ರೀಕರಿಸಿದ್ದರು, ಇನ್ನೊಂದು ವಾಹಿನಿ ಐದನೆಯದಕ್ಕೆ ಹಣ ಕೊಟ್ಟಾಗ ಆ ಕಂತನ್ನು ತೆಗೆದಿಟ್ಟು ಕಡೆಗೆ ಹಾಕಿದರು. ಹಾಗಾಗಿ ಐದನೇ ಸೀಸನ್ ಪೂರ್ತಿ ಕಾಣದ ಒಂದು ಮುಖ್ಯ ಪಾತ್ರ ಕೊನೆಯ ಕಂತಿನಲ್ಲಿ ಮತ್ತೆ ಬಂದು ನಿಂತರೆ, ನಡುವೆ ಯಾವುದೋ ಕಂತು ತಪ್ಪಿಹೋಯಿತೆಂದು ಹಿಂದಕ್ಕೆ ಹುಡುಕಲು ಹೋಗಬೇಡಿ.

ಸಂಪಾದಕ