ಮಿಲಿಟ್ರಿ ಅಜ್ಜನ ಮೂರು ಹೆಸರು

ಕಾಸರಗೋಡಿನ ಕನ್ನಡಿಗ ಮಾಜಿ ಸೈನಿಕ ಕಷ್ಟಕ್ಕೆ ಬಿದ್ದರೆ ಕೈಹಿಡಿಯುವುದು ಕರ್ನಾಟಕವೋ ಕೇರಳವೋ ಎಂದು ಕೇಳಿದ್ದೀರಿ. ನಾನು ಓಡಾಡಿ ಬಲ್ಲ ನೆರವು ದಿಲ್ಲಿಯದು. ಕಾಗದ ಸಾಗುವ ದಾರಿ ಮಾತ್ರ ಕೇರಳದ್ದು: ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ಅಲ್ಲಿಂದ ತಿರುವನಂತಪುರ, ಕೊನೆಗೆ ದಿಲ್ಲಿಯ ಕೇಂದ್ರೀಯ ಸೈನಿಕ ಮಂಡಳಿ.

ನಮ್ಮ ನೆರೆಮನೆಯವರನ್ನು ಊರೆಲ್ಲ ‘ಮಿಲಿಟ್ರಿ ಅಜ್ಜ’ ಎನ್ನುತ್ತದೆ. ಮಿಲಿಟ್ರಿ ಎಂದ ಮೇಲೆ ಪಿಂಚಣಿ ಇದ್ದೇ ಇರುತ್ತದೆ ಎಂಬುದು ಜನರ ನಂಬಿಕೆ. ಆದರೆ ಜವಾನನ ಪಿಂಚಣಿಗೆ 15 ವರ್ಷದ ಸೇವೆ ಬೇಕು. ಅಜ್ಜ ಎಂಟು ವರ್ಷ ದುಡಿದು, ತಂದೆ ತೀರಿಕೊಂಡಾಗ ಅಡಿಕೆ ತೋಟ ನೋಡಿಕೊಳ್ಳಲು ಬಂದವರು. ತೋಟ ಪಾಲಾಯಿತು, ಉಳಿದ ಪಾಲನ್ನು ಕೊಳೆರೋಗ ತಿಂದಿತು. ಇಂಥವರಿಗೆಂದೇ ಒಂದು ನೆರವು ಇದೆ. ಹವಾಲ್ದಾರ್ ದರ್ಜೆಯವರೆಗಿನ, ಪಿಂಚಣಿಯಿಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಯರಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಿದ್ದರು. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಅದು 8,000. (ನವೆಂಬರ್ 1 ನಿಮಗೆ ರಾಜ್ಯೋತ್ಸವ. ನಮ್ಮನ್ನು 1956ರಲ್ಲಿ ಕೇರಳಕ್ಕೆ ಸೇರಿಸಿದ್ದೂ ಅದೇ ದಿನ. ಈ ತಾರೀಕಿನಿಂದ ನಮಗೆ ಒಳ್ಳೆಯದಾದದ್ದು ಅಪರೂಪ.)

ಅಜ್ಜ ಮೊದಲು ಒಪ್ಪಲಿಲ್ಲ. ‘ಭಿಕ್ಷೆ ಬೇಡ ಮಾಸ್ಟ್ರೇ’ ಎಂದರು. ಆಗ ನಾನು ಧ್ವಜ ದಿನದ ಮಾತೆತ್ತಿದೆ. ಪ್ರತಿ ಡಿಸೆಂಬರ್ 7ರ ಹೊತ್ತಿಗೆ ನಮ್ಮ ಕನ್ನಡ ಶಾಲೆಯ ಮಕ್ಕಳು ಚಿಲ್ಲರೆ ಕೊಟ್ಟು ಕಾಗದದ ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿಕೊಳ್ಳುತ್ತಿದ್ದರು. ಆ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಯಿಂದಲೇ ಈ ಹಣ ಬರುವುದು. ‘ನಿಮ್ಮ ಮೊಮ್ಮಗಳೂ ಕೊಟ್ಟಿದ್ದಾಳೆ’ ಎಂದೆ. ಅಜ್ಜ ಪೆಟ್ಟಿಗೆ ತೆರೆದು, ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕ ತಂದರು.

ನಿಜವಾದ ತೊಡಕು ಶುರುವಾದದ್ದು ಅಲ್ಲಿಂದ. ಅಜ್ಜನ ಹೆಸರು ನಾರಾಯಣ ಎಂದಿಟ್ಟುಕೊಳ್ಳಿ. ಇದ್ದದ್ದು ಬರೆದರೆ ನನ್ನನ್ನು ಬೈದಾರು. ಶಾಲೆಯ ದಾಖಲೆಯಲ್ಲಿ ನಾರಾಯಣ. ರೇಷನ್ ಕಾರ್ಡಿನ ಮಲಯಾಳದಲ್ಲಿ ಬಾಲ ಬೆಳೆದು ನಾರಾಯಣನ್. ಭರ್ತಿಯ ದಿನ ಹಿಂದಿಯ ಗುಮಾಸ್ತನೊಬ್ಬ ಕಿವಿಗೆ ಬಿದ್ದಂತೆ ಬರೆದದ್ದು ನರೈನ್. ಮೂವರೂ ಒಬ್ಬನೇ ಎಂದು ಸಾಬೀತು ಮಾಡಲು ಪ್ರಮಾಣಪತ್ರ ಬರೆಸಿ, ವಿಲೇಜ್ ಕಚೇರಿಯಿಂದ ದೃಢಪತ್ರ ತರಬೇಕಾಯಿತು. ನಾನು ಕೊಟ್ಟ ಕನ್ನಡ ಅರ್ಜಿಯೊಂದಕ್ಕೆ ಮಲಯಾಳದ ಚೀಟಿ ಅಂಟಿ ಮರಳಿ ಬಂತು. ಕೇರಳದ 1969ರ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಆ ಜಗಳವನ್ನು ನಾನು ಬಿಡುವವನಲ್ಲ. ಆದರೆ ಹಸಿದ ಮುದುಕನ ಕಾಗದವನ್ನು ಅದಕ್ಕೆ ಅಡವಿಡುವುದು ಸರಿಯಲ್ಲ ಎಂದು ತೋರಿತು. ಮಲಯಾಳದಲ್ಲಿ ಬರೆಸಿಕೊಟ್ಟೆ.

ಇನ್ನೊಂದು ಸಂಗತಿಯನ್ನು ನಿಮ್ಮ ಕಡೆಯವರಿಗೂ ಹೇಳಿಡಿ. ಸೇನೆ ಬಿಟ್ಟ ಮೇಲೆ ಮದುವೆಯಾದವರ ಹೆಂಡತಿಯ ಹೆಸರು ಡಿಸ್ಚಾರ್ಜ್ ಪುಸ್ತಕದಲ್ಲಿ ಇರುವುದಿಲ್ಲ. ಗಂಡ ಬದುಕಿರುವಾಗಲೇ ಅದನ್ನು ಸೇರಿಸಿಕೊಳ್ಳದಿದ್ದರೆ, ಆತ ಹೋದ ಮೇಲೆ ಆಕೆ ಯಾರೆಂಬುದಕ್ಕೇ ಪುರಾವೆ ಹುಡುಕಬೇಕು. ಅಜ್ಜಿಯ ಹೆಸರು ಸೇರಿಸಲು ಸೇನೆಯ ರೆಕಾರ್ಡ್ ಕಚೇರಿಗೆ ಬೇರೆಯೇ ಅರ್ಜಿ ಹೋಗಿದೆ.

ಕಡೆಯ ದಿನ ಅರ್ಜಿಗೆ ರುಜು ಹಾಕುವಾಗ ಅಜ್ಜ ಪೆನ್ನು ಹಿಡಿದು ಕೇಳಿದರು, ‘ಯಾವ ಹೆಸರು ಬರೆಯಲಿ?’ ಕಚೇರಿಯವರು ಹಳೆಯ ಪುಸ್ತಕ ತಿರುಗಿಸಿದರು. ನರೈನ್ ಎಂಬ ಇಂಗ್ಲಿಷಿನ ಕೆಳಗೆ ಹತ್ತೊಂಬತ್ತರ ಹುಡುಗನ ರುಜು ಗುಂಡಗಿನ ಕನ್ನಡದಲ್ಲಿತ್ತು. ‘ಇದೇ ಹಾಕಿ, ಹೊಂದಬೇಕಾದದ್ದು ಇದು’ ಎಂದರು ಮಲಯಾಳದಲ್ಲಿ. ಕೈ ನಡುಗುತ್ತಿದ್ದುದರಿಂದ ಅಜ್ಜನಿಗೆ ತುಸು ಹೊತ್ತು ಹಿಡಿಯಿತು.